ಜೇನುಪೆಟ್ಟಿಗೆಯ ಬಾಗಿಲು: ಓದಲು ಕಲಿತ ಬಗೆ

ಅಥಣಿ ಕಡೆಯ ಒಂದು ಹೊಲದ ಬದುವಿನಲ್ಲಿ, ಬೇವಿನ ಮರದ ನೆರಳಿನಲ್ಲಿ ಒಂದು ಜೇನುಪೆಟ್ಟಿಗೆ ಇದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಒಂಬತ್ತು ಗಂಟೆಯ ಹೊತ್ತು. ನೀವು ಪೆಟ್ಟಿಗೆಯ ಎದುರಿಗಲ್ಲ, ಒಂದು ಪಕ್ಕಕ್ಕೆ, ನೊಣಗಳ ಹಾದಿಗೆ ಅಡ್ಡ ಬಾರದಂತೆ ಕುಳಿತಿದ್ದೀರಿ. ಬಾಗಿಲಲ್ಲಿ ಒಂದಷ್ಟು ನೊಣಗಳು ಹೊರಡುತ್ತವೆ, ಒಂದಷ್ಟು ಬಂದು ಇಳಿಯುತ್ತವೆ. ಕೆಲವುಗಳ ಹಿಂಗಾಲುಗಳಲ್ಲಿ ಹಳದಿ ಉಂಡೆಗಳಿವೆ. ನಾಲ್ಕಾರು ನೊಣಗಳು ನಿಂತಲ್ಲೇ ನಿಂತು ರೆಕ್ಕೆ ಬೀಸುತ್ತಿವೆ. ಒಂದು ನೊಣ ಸತ್ತ ಇನ್ನೊಂದನ್ನು ಕಚ್ಚಿ ಎಳೆದು ತಂದು ಹೊರಗೆ ಬೀಳಿಸುತ್ತದೆ. ಇಷ್ಟನ್ನು ನೋಡಿ ಪೆಟ್ಟಿಗೆಯ ಒಳಗೆ ರಾಣಿ ಇದೆಯೇ, ಮರಿಗಳು ಬೆಳೆಯುತ್ತಿವೆಯೇ, ಮೇವು ಸಾಕಷ್ಟಿದೆಯೇ, ರೋಗವಿದೆಯೇ ಎಂದು ಹೇಳಲು ಸಾಧ್ಯವೇ?

ಬಹುಮಟ್ಟಿಗೆ ಸಾಧ್ಯ. ಅನುಭವಿ ಜೇನುಸಾಕಣೆಗಾರರು ಮುಚ್ಚಳ ತೆಗೆಯುವ ಮೊದಲು ಐದು ನಿಮಿಷ ಬಾಗಿಲನ್ನು ನೋಡುತ್ತಾರೆ. ಇದಕ್ಕೆ ಕಾರಣವಿದೆ. ಮರಿಗಳಿರುವ ಭಾಗದ ಉಷ್ಣತೆಯನ್ನು ನೊಣಗಳು 34-35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಾಯ್ದುಕೊಳ್ಳುತ್ತವೆ. ನಾವು ಮುಚ್ಚಳ ತೆಗೆದು, ಹೊಗೆ ಹಾಕಿ, ಎರಿಗಳನ್ನು ಒಂದೊಂದಾಗಿ ಎತ್ತಿದಾಗ ಆ ವ್ಯವಸ್ಥೆ ಕದಡುತ್ತದೆ. ನಮ್ಮ ತುಡುವೆ ಜೇನಂತೂ ಪದೇ ಪದೇ ಕಾಟ ಕೊಟ್ಟರೆ ಗೂಡನ್ನೇ ಬಿಟ್ಟು ಹೋಗುವ ಸ್ವಭಾವದ್ದು. ಆದ್ದರಿಂದ ತೆರೆಯದೆ ತಿಳಿಯುವ ವಿದ್ಯೆಗೆ ಬೆಲೆಯಿದೆ.

ಆದರೆ ಈ ವಿದ್ಯೆ ಒಂದೇ ದಿನದಲ್ಲಿ ಬಂದದ್ದಲ್ಲ, ಒಂದೇ ಊರಿನಲ್ಲಿ ಹುಟ್ಟಿದ್ದೂ ಅಲ್ಲ. ಬಾಗಿಲಲ್ಲಿ ಕಂಡ ಪ್ರತಿಯೊಂದು ಲಕ್ಷಣಕ್ಕೂ ಒಂದು ಅರ್ಥವನ್ನು ಯಾರೋ ಊಹಿಸಿದರು, ಇನ್ಯಾರೋ ಒಳಗೆ ನೋಡಿ ಪರೀಕ್ಷಿಸಿದರು. ಹೆಚ್ಚಿನ ಪರೀಕ್ಷೆಗಳು ನಡೆದದ್ದು ಯುರೋಪಿನ ಜೇನಿನ ಮೇಲೆ. ಅವುಗಳಲ್ಲಿ ಎಷ್ಟು ನಮ್ಮ ಜೇನಿಗೆ, ನಮ್ಮ ಬೆಳೆಗಳಿಗೆ ಹೊಂದುತ್ತವೆ ಎಂಬುದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ರೈತರು ಕೇಳಲೇಬೇಕಾದ ಪ್ರಶ್ನೆ. ಆ ಚರಿತ್ರೆಯನ್ನು ಒಮ್ಮೆ ನೋಡೋಣ.

ದೃಷ್ಟಿಯಿಲ್ಲದವನು ಕಂಡದ್ದು

ಬಾಗಿಲ ಬಳಿಯ ವೀಕ್ಷಣೆಯನ್ನು ವಿಜ್ಞಾನವನ್ನಾಗಿ ಮಾಡಿದವರಲ್ಲಿ ಮೊದಲಿಗ ಜಿನೀವಾದ ಫ್ರಾನ್ಸ್ವಾ ಹ್ಯೂಬರ್ (1750-1831). ಎಳೆಯ ವಯಸ್ಸಿನಲ್ಲೇ ಆತನ ದೃಷ್ಟಿ ಕ್ಷೀಣಿಸತೊಡಗಿ, ಮುಂದೆ ಪೂರ್ಣ ಕುರುಡನಾದ. ಪ್ರಶ್ನೆಗಳು ಹ್ಯೂಬರ್‌ನವು, ನೋಡುವ ಕಣ್ಣುಗಳು ಆತನ ಸೇವಕ ಫ್ರಾನ್ಸ್ವಾ ಬರ್ನೆನ್ಸ್‌ನವು. ಬರ್ನೆನ್ಸ್ ಕಂಡದ್ದನ್ನು ಹೇಳುತ್ತಿದ್ದ, ಹ್ಯೂಬರ್ ಮತ್ತೆ ಮತ್ತೆ ಪ್ರಶ್ನಿಸಿ ಖಚಿತ ಮಾಡಿಕೊಳ್ಳುತ್ತಿದ್ದ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬ ವ್ಯತ್ಯಾಸ ಈ ಜೋಡಿಗೆ ಚೆನ್ನಾಗಿ ತಿಳಿದಿತ್ತು.

ಆ ಕಾಲದಲ್ಲಿ ರಾಣಿ ಜೇನು ಹೇಗೆ ಗರ್ಭ ಧರಿಸುತ್ತದೆ ಎಂಬುದು ಬಿಡಿಸಲಾಗದ ಒಗಟಾಗಿತ್ತು. ಗಂಡು ನೊಣಗಳ ವಾಸನೆಯಷ್ಟೇ ಸಾಕೆಂದು ಹಾಲೆಂಡಿನ ಖ್ಯಾತ ಕೀಟತಜ್ಞ ಸ್ವಾಮರ್‌ಡಾಮ್ ನಂಬಿದ್ದ. ಹ್ಯೂಬರ್ ಗಂಡು ನೊಣಗಳನ್ನು ರಂಧ್ರಗಳಿದ್ದ ಡಬ್ಬಿಯಲ್ಲಿ ಕೂಡಿಹಾಕಿ ಗೂಡಿನೊಳಗಿಟ್ಟು ನೋಡಿದ. ವಾಸನೆ ಗೂಡೆಲ್ಲ ತುಂಬಿದ್ದರೂ ರಾಣಿ ಬಂಜೆಯಾಗಿಯೇ ಉಳಿಯಿತು. 1788ರ ಬೇಸಿಗೆಯಲ್ಲಿ, ಗಂಡು ನೊಣಗಳು ಹೊರಡುವ ಹೊತ್ತಿಗೆ ಸರಿಯಾಗಿ ಇಬ್ಬರೂ ಗೂಡಿನ ಬಾಗಿಲ ಮುಂದೆ ಕುಳಿತರು. ಎಳೆಯ ರಾಣಿ ಹೊರಬಂದಿತು, ಹಾರಿತು, ಮರಳಿತು. ಮತ್ತೆ ಹಾರಿ ಮರಳಿದಾಗ ಅದರ ಹಿಂಭಾಗದಲ್ಲಿ ಮಿಲನದ ಗುರುತು ಇತ್ತು. ರಾಣಿಯ ಮಿಲನ ಗೂಡಿನೊಳಗೆ ಅಲ್ಲ, ಹೊರಗೆ ಗಾಳಿಯಲ್ಲಿ ನಡೆಯುತ್ತದೆ ಎಂಬ ಸತ್ಯ ಹೀಗೆ ಬಾಗಿಲಲ್ಲಿ ಸಿಕ್ಕಿತು. 1792ರಲ್ಲಿ ಪ್ರಕಟವಾದ ಆತನ ಗ್ರಂಥದಲ್ಲಿ ಈ ವೃತ್ತಾಂತವಿದೆ.

ಬಾಗಿಲು ಹೇಳಿದ ಇನ್ನೆರಡು ಸಂಗತಿಗಳನ್ನೂ ಹ್ಯೂಬರ್ ದಾಖಲಿಸಿದ. ಬೆನ್ನ ಮೇಲೆ ತಲೆಬುರುಡೆಯಂತಹ ಗುರುತಿರುವ ಒಂದು ದೊಡ್ಡ ಪತಂಗ ರಾತ್ರಿ ಗೂಡಿಗೆ ನುಗ್ಗಿ ಜೇನು ಕದಿಯುತ್ತಿತ್ತು. ಅದರ ಕಾಟ ಹೆಚ್ಚಾದಾಗ ನೊಣಗಳು ಮೇಣ ಮತ್ತು ಮರದ ಅಂಟಿನಿಂದ ಬಾಗಿಲಿಗೆ ಅಡ್ಡಗೋಡೆ ಕಟ್ಟಿ, ತಾವು ಮಾತ್ರ ನುಸುಳುವಷ್ಟು ಕಿಂಡಿ ಉಳಿಸಿಕೊಂಡವು. ಎರಡನೆಯದು ಗಾಳಿ ಬೀಸುವ ಕೆಲಸ. ರೆಕ್ಕೆ ಬೀಸುವ ನೊಣಗಳಿಂದ ನಿಜವಾಗಿ ಗಾಳಿ ಚಲಿಸುತ್ತದೆಯೇ ಎಂದು ತಿಳಿಯಲು ಹ್ಯೂಬರ್ ಹಗುರವಾದ ವಸ್ತುಗಳನ್ನು ದಾರದಲ್ಲಿ ಕಟ್ಟಿ ಬಾಗಿಲ ಮುಂದೆ ತೂಗುಬಿಡಿಸಿದ. ಗಾಳಿಯಿಲ್ಲದ ದಿನದಲ್ಲೂ ಅವು ಆಡತೊಡಗಿದವು. ನೊಣಗಳು ಸುಮ್ಮನೆ ರೆಕ್ಕೆ ಆಡಿಸುತ್ತಿಲ್ಲ, ಗೂಡಿನ ಗಾಳಿಯನ್ನು ಬದಲಿಸುತ್ತಿವೆ ಎಂಬುದಕ್ಕೆ ಪುರಾವೆ ದೊರೆಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಹ್ಯೂಬರ್ ಬಾಗಿಲನ್ನು ಮಾತ್ರ ನಂಬಿ ಕೂರಲಿಲ್ಲ. ಪುಸ್ತಕದ ಹಾಳೆಗಳಂತೆ ಒಂದೊಂದು ಎರಿಯನ್ನೂ ಬಿಡಿಸಿ ನೋಡಬಹುದಾದ ಗೂಡನ್ನು ಆತ ತಯಾರಿಸಿದ್ದ. ಹೊರಗೆ ಕಂಡದ್ದಕ್ಕೆ ಒಳಗೆ ಸಾಕ್ಷಿ ಹುಡುಕುವುದು ಆತನ ಕ್ರಮ.

ಎಣಿಕೆ ಮತ್ತು ಬಣ್ಣದ ಗುರುತು

1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ ಒಂದು ಸರಳ ಅಂಶವನ್ನು ಬಳಕೆಗೆ ತಂದ. ಗೂಡಿನಲ್ಲಿ ಸುಮಾರು 9 ಮಿಲಿಮೀಟರ್‌ನಷ್ಟು ತೆರಪು ಬಿಟ್ಟರೆ ನೊಣಗಳು ಅದನ್ನು ಓಡಾಟದ ದಾರಿಯಾಗಿ ಬಿಡುತ್ತವೆ. ಎರಿ ಕಟ್ಟುವುದಿಲ್ಲ, ಅಂಟಿನಿಂದ ಮುಚ್ಚುವುದೂ ಇಲ್ಲ. ಚೌಕಟ್ಟುಗಳನ್ನು ಎತ್ತಿ ಇಳಿಸಬಹುದಾದ ಪೆಟ್ಟಿಗೆ ಇದರಿಂದ ಬಂದಿತು. ಪೆಟ್ಟಿಗೆ ತೆರೆಯುವುದು ಸುಲಭವಾದ ಮೇಲೆ ಬಾಗಿಲನ್ನು ನೋಡುವ ಅಗತ್ಯ ಹೋಯಿತು ಎಂದು ನಿಮಗನಿಸಬಹುದು. ನಡೆದದ್ದು ಬೇರೆ. ಬಾಗಿಲಲ್ಲಿ ಮಾಡಿದ ಊಹೆ ಸರಿಯೇ ತಪ್ಪೇ ಎಂದು ಆ ಕ್ಷಣವೇ ಒಳಗೆ ನೋಡಿ ತಿಳಿಯುವ ಅವಕಾಶ ಸಾಮಾನ್ಯ ಸಾಕಣೆಗಾರನಿಗೂ ಸಿಕ್ಕಿತು.

ಇಪ್ಪತ್ತನೆಯ ಶತಮಾನದಲ್ಲಿ ಬಾಗಿಲಿಗೆ ಉಪಕರಣಗಳು ಬಂದವು. 1925ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಪ್ರಕಟಣೆಯೊಂದರಲ್ಲಿ ಲಂಡಿ ಎಂಬ ವಿಜ್ಞಾನಿ ಗೂಡಿನಿಂದ ಹೊರಡುವ ಮತ್ತು ಮರಳುವ ನೊಣಗಳನ್ನು ವಿದ್ಯುತ್ ಸಾಧನದಿಂದ ಎಣಿಸಿದ ವಿವರ ಕೊಟ್ಟ. ಹವಾಮಾನ ಬದಲಾದಂತೆ ಹಾರಾಟ ಹೇಗೆ ಏರಿಳಿಯುತ್ತದೆ ಎಂಬುದು ಅಂಕಿಗಳಲ್ಲಿ ಕಂಡಿತು. ಬಾಗಿಲಲ್ಲಿ ಸಂಚಾರ ಕಡಿಮೆಯಾದರೆ ಕುಟುಂಬ ದುರ್ಬಲವಾಗಿದೆ ಎಂದು ತೀರ್ಮಾನಿಸುವ ಮುನ್ನ ಆಕಾಶವನ್ನೂ ನೋಡಬೇಕು ಎಂಬ ಪಾಠ ಇದರಲ್ಲಿದೆ.

ಅದೇ ವರ್ಷ ಜರ್ಮನಿಯ ರೋಶ್ ನೊಣಗಳಿಗೆ ಗುರುತು ಹಾಕಿ ಅವುಗಳ ವಯಸ್ಸು ಮತ್ತು ಕೆಲಸಕ್ಕಿರುವ ಸಂಬಂಧವನ್ನು ಪ್ರಕಟಿಸಿದ. ಕೆಲಸಗಾರ ನೊಣ ಮೊದಲು ಕೋಣೆ ಸ್ವಚ್ಛ ಮಾಡುತ್ತದೆ, ಮರಿಗಳಿಗೆ ಉಣಿಸುತ್ತದೆ, ಮೇಣ ಸ್ರವಿಸಿ ಎರಿ ಕಟ್ಟುತ್ತದೆ. ಕೆಲವು ನೊಣಗಳು ಸ್ವಲ್ಪ ಕಾಲ ಬಾಗಿಲು ಕಾಯುತ್ತವೆ. ಸುಮಾರು ಮೂರು ವಾರದ ವಯಸ್ಸಿನಲ್ಲಿ ಮೇವಿಗೆ ಹೊರಡುತ್ತವೆ. ಈ ಕ್ರಮ ಕಟ್ಟುನಿಟ್ಟಾದುದಲ್ಲ, ಕುಟುಂಬದ ಅಗತ್ಯಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ಮುಂದೆ ತಿಳಿಯಿತು. ಆದರೂ ಬಾಗಿಲು ಓದುವವರಿಗೆ ಇದು ದೊಡ್ಡ ಸಹಾಯ. ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತಾರು ನೊಣಗಳು ಪೆಟ್ಟಿಗೆಗೆ ಮುಖ ಮಾಡಿ ಗಾಳಿಯಲ್ಲಿ ತೇಲುತ್ತ ಸಣ್ಣ ಸಣ್ಣ ಸುತ್ತು ಹಾಕುವುದನ್ನು ನೀವು ಕಂಡಿರಬಹುದು. ಹೊಸಬರು ಇದನ್ನು ಕಂಡು ಕುಟುಂಬ ಹಾರಿಹೋಗುತ್ತಿದೆ ಎಂದು ಗಾಬರಿಯಾಗುತ್ತಾರೆ. ಅವು ಎಳೆಯ ನೊಣಗಳು, ಮನೆಯ ಗುರುತು ಕಲಿಯುತ್ತಿವೆ. ಕೆಲವು ವಾರಗಳ ಹಿಂದೆ ಒಳಗೆ ಮರಿಗಳು ಚೆನ್ನಾಗಿ ಹುಟ್ಟಿವೆ ಎಂಬುದಕ್ಕೆ ಈ ಆಟ ಸಾಕ್ಷಿ.

ರೋಶ್‌ನ ಗುರು ಕಾರ್ಲ್ ಫಾನ್ ಫ್ರಿಶ್ (1886-1982). ಮೇವು ಕಂಡು ಬಂದ ನೊಣ ಕುಣಿತದ ಮೂಲಕ ದಿಕ್ಕು ಮತ್ತು ದೂರವನ್ನು ತಿಳಿಸುತ್ತದೆ ಎಂಬುದನ್ನು ಅವರು 1940ರ ದಶಕದಲ್ಲಿ ಬಿಡಿಸಿದರು. 1973ರಲ್ಲಿ ಅವರಿಗೆ ಲೊರೆಂಟ್ಸ್ ಮತ್ತು ಟಿನ್‌ಬರ್ಗೆನ್ ಜೊತೆ ನೊಬೆಲ್ ಪ್ರಶಸ್ತಿ ಬಂದಿತು. ಗೂಡಿನೊಳಗೆ ನೇತಾಡುವ ಎರಿಯ ಮೇಲೆ ಕುಣಿತದ ದಿಕ್ಕನ್ನು ಲೆಕ್ಕ ಹಾಕಿ ತಿಳಿಯಬೇಕು. ಆದರೆ ಬಿಸಿಯ ದಿನಗಳಲ್ಲಿ ಕೆಲವು ನೊಣಗಳು ಬಾಗಿಲ ಮುಂದಿನ ಅಡ್ಡ ಹಲಗೆಯ ಮೇಲೆಯೇ ಕುಣಿಯುತ್ತವೆ. ಆಕಾಶ ಕಾಣುವಾಗ ಅವು ಮೇವಿರುವ ದಿಕ್ಕಿಗೇ ನೇರವಾಗಿ ಮುಖ ಮಾಡಿ ಓಡುತ್ತವೆ.

ನಮ್ಮ ವಿಷಯಕ್ಕೆ ತೀರ ಹತ್ತಿರದ ಅಧ್ಯಯನ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ್ದು. ಬಟ್ಲರ್ ಮತ್ತು ಫ್ರೀ ಎಂಬ ವಿಜ್ಞಾನಿಗಳು 1952ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯವೇ ಗೂಡಿನ ಬಾಗಿಲಲ್ಲಿ ಕೆಲಸಗಾರ ನೊಣಗಳ ವರ್ತನೆ. ಮಕರಂದ ಹೇರಳವಾಗಿರುವಾಗ ಕಾವಲು ಸಡಿಲವಾಗಿರುತ್ತದೆ, ಬರಗಾಲದಲ್ಲಿ ಕಾವಲು ನೊಣಗಳ ಸಂಖ್ಯೆ ಹೆಚ್ಚುತ್ತದೆ ಎಂದು ಅವರು ಕಂಡರು. ದಾರಿ ತಪ್ಪಿ ಬಂದ ನೊಣ ನೇರವಾಗಿ ಬಂದಿಳಿಯುತ್ತದೆ, ತಡೆದರೆ ತಗ್ಗಿ ನಿಲ್ಲುತ್ತದೆ, ಅನೇಕ ವೇಳೆ ಒಳಗೆ ಸೇರಿಕೊಳ್ಳುತ್ತದೆ. ಕದಿಯಲು ಬಂದದ್ದು ಬಾಗಿಲ ಮುಂದೆ ಅತ್ತಿತ್ತ ತೂಗಾಡುತ್ತ ಹಾರುತ್ತದೆ. ಕಾವಲುಗಾರ ನೊಣಗಳಿಗೆ ಅದೇ ಸುಳಿವು. ಹತ್ತು ಹೆಜ್ಜೆ ದೂರದಲ್ಲಿ ಕುಳಿತ ನಿಮಗೂ ಅದು ಕಾಣುತ್ತದೆ.

ಇದೇ ಪರಂಪರೆಯಲ್ಲಿ ಜರ್ಮನಿಯ ಸ್ಟೋರ್ಚ್ ಎಂಬ ಸಾಕಣೆಗಾರ ಬಾಗಿಲಲ್ಲಿ ಕಾಣುವ ಲಕ್ಷಣಗಳಿಗೇ ಮೀಸಲಾದ ಕೈಪಿಡಿ ಬರೆದ. ಅದು ಇಂಗ್ಲಿಷಿಗೂ ಅನುವಾದವಾಗಿ ಅನೇಕ ದೇಶಗಳ ಸಾಕಣೆಗಾರರ ಕೈ ಸೇರಿತು. ಆದರೆ ಅದರಲ್ಲಿರುವ ಜೇನು ಯುರೋಪಿನದು, ಋತುಗಳು ಹಿಮ ಬೀಳುವ ನಾಡಿನವು.

ಕೃಷ್ಣೆಯ ದಂಡೆಯಲ್ಲಿ

ಈಗ ನಮ್ಮ ನೆಲಕ್ಕೆ ಬರೋಣ. ದಕ್ಷಿಣ ಭಾರತದ ತುಡುವೆಗೆ ತಕ್ಕ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿದವರು ಪಾದ್ರಿ ನ್ಯೂಟನ್. 1911ರಿಂದ 1917ರ ಅವಧಿಯಲ್ಲಿ ಅವರು ಹಳ್ಳಿಯ ಜನರಿಗೆ ಅದರಲ್ಲಿ ಜೇನು ಸಾಕಲು ತರಬೇತಿ ಕೊಟ್ಟರು. ಅವರ ಹೆಸರಿನ ಪೆಟ್ಟಿಗೆ ಇಂದಿಗೂ ಬಳಕೆಯಲ್ಲಿದೆ. ಕೊಡಗು ಮತ್ತು ದಕ್ಷಿಣ ಕನ್ನಡದಲ್ಲಿ 1930ರ ದಶಕದಲ್ಲಿ ಸಹಕಾರ ಸಂಘಗಳು ಹುಟ್ಟಿ ಜೇನುಸಾಕಣೆ ಬೇರೂರಿತು.

ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆ ರಾಜ್ಯದ ಜೇನುಸಾಕಣೆಯ ಮುಖ್ಯ ನೆಲೆ ಮಹಾಬಳೇಶ್ವರದ ಬೆಟ್ಟಗಳು. ಅಲ್ಲಿ ಹುಟ್ಟುವ ಕೃಷ್ಣೆಯೇ ಸಾತಾರಾ, ಸಾಂಗ್ಲಿ ದಾಟಿ ಈ ಭಾಗದಲ್ಲಿ ಹರಿಯುವುದು. 1962ರಲ್ಲಿ ಪುಣೆಯಲ್ಲಿ ಕೇಂದ್ರೀಯ ಜೇನು ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಆರಂಭವಾಯಿತು. ಗಡಿಯ ಊರುಗಳಲ್ಲಿ ಇಂದಿಗೂ ಹೆಜ್ಜೇನನ್ನು ಆಗ್ಯಾ ಎಂದೂ ತುಡುವೆಯನ್ನು ಸಾತೇರಿ ಎಂದೂ ಮರಾಠಿಯವರು ಹೇಳುವುದನ್ನು ಕೇಳಬಹುದು.

ಈ ಪ್ರದೇಶದಲ್ಲಿ ಹಿಂಗಾರು ಬೆಳೆಯ ನಡುವಿನ ಮುಳ್ಳುಬೇಲಿಯಲ್ಲಿ ಒಂದು ಕಡ್ಡಿಗೆ ಅಂಟಿಕೊಂಡು ಕೂರುವ ಕೋಲುಜೇನನ್ನು ನೋಡದವರಿಲ್ಲ. ಅದಕ್ಕೆ ಪೆಟ್ಟಿಗೆಯೂ ಇಲ್ಲ, ಬಾಗಿಲೂ ಇಲ್ಲ. ಆದರೆ ಓದುವುದಕ್ಕೆ ಎಲ್ಲಕ್ಕಿಂತ ಸುಲಭ. ಫಾನ್ ಫ್ರಿಶ್ ಅವರ ಶಿಷ್ಯ ಮಾರ್ಟಿನ್ ಲಿಂಡೌವರ್ 1950ರ ದಶಕದ ಮಧ್ಯದಲ್ಲಿ ಶ್ರೀಲಂಕಾಕ್ಕೆ ಬಂದು ಏಷ್ಯಾದ ಜೇನುಗಳ ಕುಣಿತವನ್ನು ಅಭ್ಯಾಸ ಮಾಡಿದರು. ಕೋಲುಜೇನು ಎರಿಯ ಮೇಲ್ಭಾಗದ ಚಪ್ಪಟೆ ಜಾಗದಲ್ಲಿ ಕುಣಿಯುತ್ತದೆ, ಮೇವಿರುವ ಕಡೆಗೇ ನೇರವಾಗಿ ಮುಖ ಮಾಡುತ್ತದೆ ಎಂದು ಅವರು ತೋರಿಸಿದರು. ಶಾಲೆಯ ಮಕ್ಕಳು ಕೂಡ ದೂರದಿಂದ ನೋಡಿ ಅದು ಬೆರಳು ಮಾಡಿದ ಹೊಲವನ್ನು ಹುಡುಕಬಹುದು.

ಪುಸ್ತಕದ ಅರ್ಥ ತಲೆಕೆಳಗಾದಾಗ

ತುಡುವೆ ಮತ್ತು ಯುರೋಪಿಯನ್ ಜೇನು ನೋಡಲು ಸಂಬಂಧಿಕರು. ಬಾಗಿಲಲ್ಲಿ ಮಾತ್ರ ನಡತೆ ಬೇರೆ. ಹ್ಯೂಬರ್ ಕಂಡ ಗಾಳಿ ಬೀಸುವ ಕೆಲಸವನ್ನೇ ತೆಗೆದುಕೊಳ್ಳಿ. ಯುರೋಪಿಯನ್ ಜೇನು ತಲೆಯನ್ನು ಬಾಗಿಲ ಕಡೆಗೆ ಮಾಡಿ ನಿಂತು ಒಳಗಿನ ಬಿಸಿಗಾಳಿಯನ್ನು ಹೊರಗೆಳೆಯುತ್ತದೆ. ತುಡುವೆ ತಲೆಯನ್ನು ಹೊರಗೆ ಮಾಡಿ, ಬೆನ್ನನ್ನು ಬಾಗಿಲಿಗೆ ಕೊಟ್ಟು ನಿಂತು ಹೊರಗಿನ ಗಾಳಿಯನ್ನು ಒಳಗೆ ತಳ್ಳುತ್ತದೆ. ಯುರೋಪಿನ ಪುಸ್ತಕ ಓದಿ ರಾಯಬಾಗದ ಹೊಲದಲ್ಲಿ ತುಡುವೆ ಪೆಟ್ಟಿಗೆ ನೋಡಿದವರು ಏನೋ ಎಡವಟ್ಟಾಗಿದೆ ಎಂದುಕೊಳ್ಳಬಹುದು. ಎಡವಟ್ಟಾಗಿರುವುದು ಪುಸ್ತಕವನ್ನು ಇದ್ದಂತೆಯೇ ಒಪ್ಪಿಕೊಂಡದ್ದರಲ್ಲಿ.

ಹ್ಯೂಬರ್ ವರ್ಣಿಸಿದ ಅಡ್ಡಗೋಡೆಯನ್ನು ತುಡುವೆಯ ಬಾಗಿಲಲ್ಲಿ ಹುಡುಕಬೇಡಿ. ಮರದ ಅಂಟನ್ನು ತಂದು ಬಳಿಯುವ ರೂಢಿ ತುಡುವೆಗೆ ಇಲ್ಲ. ಕಡಜ ಬಂದಾಗ ಅದರ ಉಪಾಯ ಬೇರೆ. ಬಾಗಿಲಲ್ಲಿನ ನೊಣಗಳು ಒಟ್ಟಾಗಿ ಮೈ ಅದುರಿಸುತ್ತವೆ. ನೋಡಿದರೆ ಅಲೆ ಹಾದಂತೆ ಕಾಣುತ್ತದೆ. ಕಡಜ ಇನ್ನೂ ಹತ್ತಿರ ಬಂದರೆ ನೂರಾರು ನೊಣಗಳು ಮುತ್ತಿ ಉಂಡೆ ಕಟ್ಟಿ, ಮೈಯ ಸ್ನಾಯುಗಳನ್ನು ಕಂಪಿಸಿ ಬಿಸಿ ಹುಟ್ಟಿಸುತ್ತವೆ. ಜಪಾನಿನ ಓನೊ ಮತ್ತು ಸಂಗಡಿಗರು 1980 ಮತ್ತು 1990ರ ದಶಕಗಳಲ್ಲಿ ಇದನ್ನು ಅಳೆದರು. ಉಂಡೆಯೊಳಗಿನ ಬಿಸಿ ಸುಮಾರು 46 ಡಿಗ್ರಿ ಮುಟ್ಟುತ್ತದೆ. ಕಡಜ ಸಾಯುತ್ತದೆ, ತುಡುವೆ ಬದುಕುತ್ತದೆ. ಬಾಗಿಲ ಕೆಳಗೆ ಗಾಯವಿಲ್ಲದ ಕಡಜ ಸತ್ತು ಬಿದ್ದಿದ್ದರೆ ಏನು ನಡೆದಿದೆ ಎಂದು ನೀವೀಗ ಊಹಿಸಬಲ್ಲಿರಿ.

ಜಪಾನಿನಲ್ಲಿ ತುಡುವೆ ಸಾಕುವವರು ನೋಡುವ ಇನ್ನೊಂದು ಗುರುತಿದೆ. ತುಡುವೆಯ ಗಂಡು ಮರಿಯ ಕೋಣೆಗೆ ನಡುವೆ ಸಣ್ಣ ತೂತಿರುವ, ಟೊಪ್ಪಿಗೆಯಂತಹ ಗಟ್ಟಿ ಮುಚ್ಚಳವಿರುತ್ತದೆ. ಈ ಮುಚ್ಚಳಗಳು ಅಡಿಹಲಗೆಯ ಮೇಲೆ, ಬಾಗಿಲ ಬಳಿ ಬೀಳತೊಡಗಿದರೆ ಗಂಡು ನೊಣಗಳು ಹುಟ್ಟುತ್ತಿವೆ, ಕುಟುಂಬ ಪಾಲಾಗುವ ಕಾಲ ಹತ್ತಿರವಾಗಿದೆ ಎಂದರ್ಥ. ಯುರೋಪಿಯನ್ ಜೇನಿನ ಕೈಪಿಡಿಯಲ್ಲಿ ಈ ಟೊಪ್ಪಿಗೆಗೆ ಜಾಗವಿಲ್ಲ, ಏಕೆಂದರೆ ಆ ಜೇನಿನ ಮುಚ್ಚಳಕ್ಕೆ ತೂತಿಲ್ಲ.

ಎಲ್ಲಕ್ಕಿಂತ ಮುಖ್ಯ, ತುಡುವೆ ಗೂಡು ಬಿಟ್ಟು ಹೋಗುವ ಮುನ್ಸೂಚನೆ. ಮೇವು ತೀರಿದಾಗ, ಬಿಸಿಲು ತಾಳದಾದಾಗ, ಇರುವೆ ಮತ್ತು ಮೇಣದ ಹುಳುವಿನ ಕಾಟ ಹೆಚ್ಚಾದಾಗ ಅದು ಹೊರಡುತ್ತದೆ. ಮೇವಿನ ಕೊರತೆಯಿಂದ ಹೊರಡುವ ಕುಟುಂಬ ಸಾಮಾನ್ಯವಾಗಿ ಒಮ್ಮೆಗೇ ಹೋಗುವುದಿಲ್ಲ. ರಾಣಿ ಮೊಟ್ಟೆಯಿಡುವುದನ್ನು ಕಡಿಮೆ ಮಾಡುತ್ತದೆ. ಉಣಿಸಬೇಕಾದ ಮರಿಗಳು ಇಲ್ಲವಾದಂತೆ ಪರಾಗ ತರುವ ನೊಣಗಳೂ ಕಡಿಮೆಯಾಗುತ್ತವೆ. ಉಳಿದ ಮರಿಗಳು ಹೊರಬಂದ ಮೇಲೆ ಪೆಟ್ಟಿಗೆ ಬರಿದಾಗುತ್ತದೆ. ಬಾಗಿಲಲ್ಲಿ ಪರಾಗದ ಉಂಡೆಗಳನ್ನು ದಿನವೂ ಎಣಿಸುವವನಿಗೆ ಇದು ಮೊದಲೇ ತಿಳಿಯುತ್ತದೆ. ಆಗ ಸಕ್ಕರೆ ಪಾಕ ಕೊಟ್ಟು, ನೆರಳು ಮಾಡಿ, ಬಾಗಿಲು ಕಿರಿದುಗೊಳಿಸಿ ಕುಟುಂಬವನ್ನು ಉಳಿಸಿಕೊಳ್ಳಲು ಇನ್ನೂ ಸಮಯವಿರುತ್ತದೆ.

1991ರ ಪಾಠ

ಬಾಗಿಲಲ್ಲಿ ಬರೆದಿದ್ದ ಒಂದು ದೊಡ್ಡ ದುರಂತವನ್ನು ಕರ್ನಾಟಕ ಕಂಡಿದೆ. ತುಡುವೆಯ ಮರಿಗಳಿಗೆ ತಗಲುವ ಒಂದು ವೈರಸ್ ರೋಗ 1976ರಲ್ಲಿ ಥಾಯ್ಲೆಂಡಿನಲ್ಲಿ ಕಾಣಿಸಿಕೊಂಡಿತು. ಅದಕ್ಕೇ ಅದನ್ನು ಥಾಯ್ ಸ್ಯಾಕ್‌ಬ್ರೂಡ್ ರೋಗ ಎನ್ನುತ್ತಾರೆ. ಭಾರತದ ಈಶಾನ್ಯ ಭಾಗದಿಂದ ಒಳಬಂದು 1991-92ರ ಹೊತ್ತಿಗೆ ದಕ್ಷಿಣ ಭಾರತವನ್ನು ಆವರಿಸಿತು. ಸಾಕಿದ ತುಡುವೆ ಕುಟುಂಬಗಳಲ್ಲಿ ಶೇ. 90ರಷ್ಟು ನಾಶವಾದವು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿ ಎಷ್ಟೋ ಮನೆಗಳ ಅಂಗಳದಲ್ಲಿ ಖಾಲಿ ಪೆಟ್ಟಿಗೆಗಳು ಉಳಿದವು.

ಈ ರೋಗ ಬಂದ ಮರಿ ಕೋಣೆಯೊಳಗೆ ತಲೆಯೆತ್ತಿದಂತೆ ಸೆಟೆದು ಸಾಯುತ್ತದೆ. ಚಿಮಟದಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. ಸ್ವಚ್ಛತೆಯ ಕೆಲಸದ ನೊಣಗಳು ಸತ್ತ ಮರಿಗಳನ್ನು ಎಳೆದು ಬಾಗಿಲಿಂದಾಚೆ ಹಾಕುತ್ತವೆ. ಮೇವಿಗೆ ಹೋಗುವ ನೊಣಗಳ ಸಂಚಾರ ತಗ್ಗುತ್ತದೆ, ಕೊನೆಗೆ ಉಳಿದ ನೊಣಗಳು ಗೂಡು ಬಿಟ್ಟು ಹೋಗುತ್ತವೆ. ಈ ವೈರಸ್‌ಗೆ ಔಷಧವಿಲ್ಲ. ಆದರೆ ಪೆಟ್ಟಿಗೆಯ ಮುಂದೆ ಸತ್ತ ಮರಿಗಳನ್ನು ಮೊದಲ ದಿನವೇ ಗುರುತಿಸಿದವನು ಆ ಪೆಟ್ಟಿಗೆಯ ಎರಿಗಳನ್ನು ಬೇರೆ ಪೆಟ್ಟಿಗೆಗೆ ಹಾಕುವುದನ್ನು, ಅದನ್ನು ಬೇರೆ ಊರಿಗೆ ಸಾಗಿಸುವುದನ್ನು ನಿಲ್ಲಿಸಬಹುದು. ರೋಗ ಹರಡುವ ವೇಗವನ್ನು ತಗ್ಗಿಸಲು ಸಾಕಣೆಗಾರನ ಕೈಯಲ್ಲಿರುವ ಉಪಾಯ ಅದೇ. ಬದುಕುಳಿದ ಕುಟುಂಬಗಳಿಂದ ತುಡುವೆ ಕ್ರಮೇಣ ಚೇತರಿಸಿಕೊಂಡಿತು.

ಈ ದುರಂತದ ನಂತರ, 1990ರ ದಶಕದಲ್ಲಿ, ಕರ್ನಾಟಕದಲ್ಲಿ ಯುರೋಪಿಯನ್ ಜೇನಿನ ಸಾಕಣೆ ಹರಡಿತು. ಈ ಜೇನು ಭಾರತದಲ್ಲಿ ನೆಲೆಗೊಂಡದ್ದು 1960ರ ದಶಕದಲ್ಲಿ, ಹಿಮಾಚಲ ಪ್ರದೇಶದ ನಗ್ರೋಟಾದಲ್ಲಿ ನಡೆದ ಪ್ರಯತ್ನದಿಂದ. ಹೊಸ ಜೇನಿನೊಡನೆ ಬಾಗಿಲ ಹೊಸ ಗುರುತುಗಳೂ ಬಂದವು. ಬಾಗಿಲ ಮುಂದೆ ಹಾರಲಾರದೆ ತೆವಳುವ, ರೆಕ್ಕೆ ಮುದುಡಿದ ಎಳೆಯ ನೊಣಗಳು ಕಂಡರೆ ವರೋವಾ ಉಣ್ಣಿ ಮತ್ತು ಅದು ಹರಡುವ ವೈರಸ್ ಇದೆಯೆಂದು ಶಂಕಿಸಬೇಕು. ತುಡುವೆ ಈ ಉಣ್ಣಿಯ ಹಳೆಯ ಒಡನಾಡಿ; ಮೈ ಉಜ್ಜಿ ಕೆಡವುವ ಅಭ್ಯಾಸ ಅದಕ್ಕುಂಟು. ಯುರೋಪಿಯನ್ ಜೇನಿಗೆ ಆ ಸಾಮರ್ಥ್ಯ ಕಡಿಮೆ.

ಕಬ್ಬು, ತಂಬಾಕು, ದ್ರಾಕ್ಷಿಯ ನಡುವೆ

ಹಿಂದೆ ಚಿಕ್ಕೋಡಿಯ ಭಾಗವಾಗಿದ್ದ ನಿಪ್ಪಾಣಿ, ಅಥಣಿಯ ಭಾಗವಾಗಿದ್ದ ಕಾಗವಾಡ ಈಗ ಬೇರೆ ತಾಲ್ಲೂಕುಗಳು. ಬೆಳೆಗಳು ಮಾತ್ರ ಗಡಿ ನೋಡುವುದಿಲ್ಲ. ನದಿ ಮತ್ತು ಕಾಲುವೆಯ ನೀರಿರುವಲ್ಲೆಲ್ಲ ಕಬ್ಬು. ಕಬ್ಬಿನ ಸೂಲಂಗಿಯಲ್ಲಿ ಮಕರಂದವಿಲ್ಲ. ನಿಪ್ಪಾಣಿಯ ತಂಬಾಕಿನಲ್ಲಿ ಎಲೆ ಬಲಿಯಲೆಂದು ಹೂವಿನ ಕುಡಿಯನ್ನೇ ಚಿವುಟುತ್ತಾರೆ. ಹೀಗೆ ಕಣ್ಣಿಗೆ ಹಸಿರಾಗಿ ಕಾಣುವ ನೆಲ ಜೇನಿಗೆ ಎಷ್ಟೋ ತಿಂಗಳು ಬರಡು. ಜೋಳ, ಮೆಕ್ಕೆಜೋಳದ ಪರಾಗ, ಸೂರ್ಯಕಾಂತಿ ಮತ್ತು ಕುಸುಬೆ ಇದ್ದಲ್ಲಿ ಅವುಗಳ ಹೂ, ಬದುವಿನ ಬೇವು, ಹೊಂಗೆ, ಜಾಲಿ ಇವೇ ಆಸರೆ. ಸೂರ್ಯಕಾಂತಿಯ ವಿಸ್ತೀರ್ಣವೂ ರಾಜ್ಯದಲ್ಲಿ ಹಿಂದಿನಷ್ಟಿಲ್ಲ.

ಇಲ್ಲಿ ಬಾಗಿಲು ಓದುವವನು ಮೋಸ ಹೋಗುವ ಸಂದರ್ಭವೊಂದಿದೆ. ಕಬ್ಬು ಅರೆಯುವ ದಿನಗಳಲ್ಲಿ ಬೆಲ್ಲದ ಗಾಣಗಳಿಗೆ, ಕಬ್ಬಿನ ಹಾಲಿನ ಅಂಗಡಿಗಳಿಗೆ ಜೇನು ಮುತ್ತುತ್ತದೆ. ಬಾಗಿಲಲ್ಲಿ ಗದ್ದಲ, ಹೊಟ್ಟೆ ತುಂಬಿಕೊಂಡು ಭಾರವಾಗಿ ಇಳಿಯುವ ನೊಣಗಳು. ಪುಸ್ತಕದ ಪ್ರಕಾರ ಇದು ಮಕರಂದದ ಸುಗ್ಗಿ. ಆದರೆ ಕಾಲುಗಳನ್ನು ನೋಡಿ. ಪರಾಗ ತರುವವು ತೀರ ಕಡಿಮೆ ಇದ್ದು, ಪೆಟ್ಟಿಗೆಯ ಬಲಕ್ಕೆ ಹೋಲಿಸಿದರೆ ಮನೆಗೆ ಮರಳದವು ಹೆಚ್ಚೆನಿಸಿದರೆ ಅದು ಸುಗ್ಗಿಯಲ್ಲ. ನೊಣಗಳು ಕಬ್ಬಿನ ಹಾಲು ಹೊರುತ್ತಿವೆ, ಎಷ್ಟೋ ಕೊಪ್ಪರಿಗೆಯ ಪಾಕದಲ್ಲಿ ಬಿದ್ದು ಸಾಯುತ್ತಿವೆ. ಮರಿಗಳನ್ನು ಬೆಳೆಸಲು ಸಿಹಿ ಸಾಲದು. ಪರಾಗದ ಸಸಾರಜನಕ ಬೇಕೇ ಬೇಕು.

ಎರಡನೆಯದು ಕೀಟನಾಶಕ. ಅಥಣಿ ಕಡೆಯ ದ್ರಾಕ್ಷಿ ತೋಟ, ತರಕಾರಿ, ದಾಳಿಂಬೆಗಳಿಗೆ ಮೇಲಿಂದ ಮೇಲೆ ಸಿಂಪಡಣೆ ನಡೆಯುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಪೆಟ್ಟಿಗೆಯ ಮುಂದೆ ಮಧ್ಯಾಹ್ನ ಒಮ್ಮೆಗೇ ಬೊಗಸೆಗಟ್ಟಲೆ ನೊಣಗಳು ಸತ್ತು ಬಿದ್ದಿದ್ದರೆ, ಅನೇಕವುಗಳ ನಾಲಿಗೆ ಹೊರಚಾಚಿದ್ದರೆ, ಕೆಲವುಗಳ ಕಾಲಲ್ಲಿ ಪರಾಗ ಹಾಗೆಯೇ ಇದ್ದರೆ, ಬದುಕಿದವು ನಡುಗುತ್ತ ಗಿರಕಿ ಹೊಡೆಯುತ್ತಿದ್ದರೆ ಅದು ಬಹುತೇಕ ವಿಷ. ರೋಗದಲ್ಲಿ ಸಾವು ದಿನದಿನಕ್ಕೆ ಏರುತ್ತದೆ, ವಿಷದಲ್ಲಿ ಗಂಟೆಗಳಲ್ಲಿ. ಅಂದೇ ಪಕ್ಕದ ಹೊಲದವರನ್ನು ಕೇಳಿದರೆ ಏನು, ಯಾವಾಗ ಸಿಂಪಡಿಸಿದರು ಎಂಬುದು ತಿಳಿಯುತ್ತದೆ. ಮುಂದಿನ ಸಲ ಹೂವಿನ ಕಾಲ ಬಿಟ್ಟು, ಇಲ್ಲವೇ ನೊಣಗಳು ಗೂಡು ಸೇರಿದ ಮೇಲೆ ಸಂಜೆ ಸಿಂಪಡಿಸಲು ಮಾತಾಡಿಕೊಳ್ಳಬಹುದು. ಸೂರ್ಯಕಾಂತಿ, ಈರುಳ್ಳಿ ಬೀಜ, ಸೌತೆ, ಕುಂಬಳದ ಫಸಲಿಗೆ ಈ ನೊಣಗಳೇ ಬೇಕಾದ್ದರಿಂದ ಇದು ಜೇನು ಸಾಕದ ರೈತನ ಹಿತವೂ ಹೌದು.

ನೀವೂ ಓದಿ, ಆದರೆ ಪರೀಕ್ಷಿಸಿ

ಒಂದು ನೋಟ್‌ಪುಸ್ತಕ, ಒಂದು ಗಡಿಯಾರ ಸಾಕು. ದಿನವೂ ಒಂದೇ ಹೊತ್ತಿಗೆ ಐದು ನಿಮಿಷ ಕುಳಿತುಕೊಳ್ಳಿ. ಒಳಬರುವ ನೊಣಗಳಲ್ಲಿ ಪರಾಗ ತಂದವು ಎಷ್ಟು, ಅದರ ಬಣ್ಣವೇನು, ಗಾಳಿ ಬೀಸುವವು ಎಷ್ಟು, ತಲೆ ಯಾವ ಕಡೆಗೆ, ಹೊರಗೆ ಬಿದ್ದದ್ದು ಏನು, ಮೋಡವೋ ಬಿಸಿಲೋ ಎಂದು ಬರೆಯಿರಿ. ಒಳಗೆ ಏನಿರಬಹುದೆಂದು ಒಂದು ಸಾಲಿನಲ್ಲಿ ಊಹೆ ಬರೆಯಿರಿ. ಹತ್ತು ಹದಿನೈದು ದಿನಕ್ಕೊಮ್ಮೆ ಪೆಟ್ಟಿಗೆ ತೆರೆಯುವಾಗ ಆ ಊಹೆಯನ್ನು ಒಳಗಿನ ಸ್ಥಿತಿಯೊಂದಿಗೆ ತಾಳೆ ನೋಡಿ.

ಒಂದೇ ಗುರುತಿನಿಂದ ತೀರ್ಪು ಕೊಡಬೇಡಿ. ಬಾಗಿಲಲ್ಲಿ ಗಡ್ಡದಂತೆ ಜೋತುಬಿದ್ದ ನೊಣಗಳು ಬರಿ ಸೆಕೆಯಿಂದಲೂ ಹಾಗೆ ಮಾಡಬಹುದು, ಜಾಗ ಸಾಲದೆ ಪಾಲಾಗುವ ಸಿದ್ಧತೆಯಲ್ಲೂ ಇರಬಹುದು. ಪರಾಗ ನಿಂತದ್ದು ರಾಣಿ ಇಲ್ಲದ್ದರಿಂದಲೋ, ಹೂವಿಲ್ಲದ್ದರಿಂದಲೋ ಎಂಬುದನ್ನು ಪಕ್ಕದ ಪೆಟ್ಟಿಗೆಯ ಬಾಗಿಲು ಹೇಳುತ್ತದೆ. ಅಲ್ಲೂ ಪರಾಗವಿಲ್ಲದಿದ್ದರೆ ತಪ್ಪು ಹೊಲದ್ದು. ಅಲ್ಲಿ ಮಾತ್ರ ಇದ್ದರೆ ನಿಮ್ಮ ಪೆಟ್ಟಿಗೆಯನ್ನು ತೆರೆಯುವ ಹೊತ್ತು ಬಂದಿದೆ. ಯುರೋಪಿಯನ್ ಜೇನು ಬಾಗಿಲ ಹಲಗೆಯ ಮೇಲೆ ಸಾಲಾಗಿ ನಿಂತು ಹಿಂದೆ ಮುಂದೆ ತೂಗುತ್ತ ಹಲಗೆಯನ್ನು ಒರೆಸಿದಂತೆ ಮಾಡುವುದುಂಟು. ಅದು ಏಕೆಂದು ವಿಜ್ಞಾನಿಗಳು ಇಂದಿಗೂ ಖಚಿತವಾಗಿ ಹೇಳಿಲ್ಲ. ಬಾಗಿಲಲ್ಲಿ ಓದದೆ ಉಳಿದ ಸಾಲುಗಳು ಇನ್ನೂ ಇವೆ.

ಎರಡು ಶತಮಾನಗಳ ಹಿಂದೆ ಕಣ್ಣಿಲ್ಲದ ಹ್ಯೂಬರ್ ತನ್ನ ಸೇವಕನನ್ನು ಕೇಳುತ್ತಿದ್ದ ಪ್ರಶ್ನೆ ಸರಳವಾದುದು: ನೀನು ಕಂಡದ್ದೇನು? ಕೃಷ್ಣೆಯ ದಂಡೆಯ ತುಡುವೆ, ಕೋಲುಜೇನು, ಹೊಸದಾಗಿ ಬಂದ ಯುರೋಪಿಯನ್ ಜೇನು ಈ ಕಬ್ಬು, ತಂಬಾಕು, ದ್ರಾಕ್ಷಿಯ ನಡುವೆ ಹೇಗೆ ಬಾಳುತ್ತವೆ ಎಂಬುದಕ್ಕೆ ಯುರೋಪಿನ ಕೈಪಿಡಿಯಲ್ಲಿ ಉತ್ತರವಿಲ್ಲ. ಅದನ್ನು ಬರೆಯಬೇಕಾದವರು ಪೆಟ್ಟಿಗೆಯ ಪಕ್ಕದಲ್ಲಿ ಕುಳಿತವರೇ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಪುಟ ಆರಂಭಿಸಿ.